ಆದಾಯ ಏರಿತು, ಸರಿ. ಕೈಯಲ್ಲಿ ಉಳಿದದ್ದೆಷ್ಟು? ಎರಡು ಚಿಪ್ ಕಂಪನಿಗಳ ಒಂದು ವರ್ಷದ ಲೆಕ್ಕ

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.

ಇವತ್ತಿನ ವಿಷಯ ಚಿಪ್ ಕಂಪನಿಗಳ ವರ್ಷದ ಲೆಕ್ಕ. ‘ಅಯ್ಯೋ ಬ್ಯಾಲೆನ್ಸ್ ಶೀಟಾ’ ಅಂತ ಮುಂದಕ್ಕೆ ಓಡಿಸಬೇಡಿ. ಹಿಟ್ಟಿನ ಗಿರಣಿ ನೋಡಿದವರಿಗೆಲ್ಲ ಅರ್ಥವಾಗೋ ಹಾಗೆ ಹೇಳ್ತೀನಿ.

ಈ ಸಂಚಿಕೆ ಮಾಡೋಕೆ ಕಾರಣ ನನ್ನ ಚಿಕ್ಕಪ್ಪನ ಮಗ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿದೆ. ಸ್ವಲ್ಪ ದುಡ್ಡು ಉಳಿಸಿದ್ದಾನೆ. ಒಂದು ರಾತ್ರಿ ಫೋನ್ ಮಾಡಿ, ‘ಅಣ್ಣಾ, ಒಂದು ಚಿಪ್ ಕಂಪನಿ ಆದಾಯ ಒಂದೇ ವರ್ಷದಲ್ಲಿ ಶೇ 27 ಏರಿದೆಯಂತೆ. ಸಖತ್ ಅಲ್ವಾ? ದುಡ್ಡು ಹಾಕ್ಲಾ?’ ಅಂದ. ‘ಲಾಭ ಎಷ್ಟಂತೆ?’ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ಅದನ್ನ ನೋಡಿಲ್ಲ. ಆದಾಯ ಏರಿದ್ರೆ ಲಾಭಾನೂ ಏರಿರತ್ತಲ್ವಾ?’ ಅಂದ.

ಇರಬೇಕಾಗಿಲ್ಲ. ಇವತ್ತಿನ ಸಂಚಿಕೆಯ ಸಾರ ಇಷ್ಟೇ. ಅದನ್ನ ತೋರಿಸೋಕೆ 2024ನೇ ಇಸವಿಯ ಎರಡು ಲೆಕ್ಕಪತ್ರಗಳನ್ನ ಪಕ್ಕಪಕ್ಕ ಇಡ್ತೀನಿ. ಒಂದು ತೈವಾನಿನ ಟಿಎಸ್‌ಎಂಸಿಯದು, ಇನ್ನೊಂದು ಚೀನಾದ ಎಸ್‌ಎಂಐಸಿಯದು.

ಮೊದಲು ಗಿರಣಿ ಅರ್ಥ ಮಾಡ್ಕೊಳ್ಳೋಣ

ನನ್ನ ಸೋದರಮಾವ ಊರಲ್ಲಿ ಹಿಟ್ಟಿನ ಗಿರಣಿ ನಡೆಸ್ತಿದ್ದರು. ರಾಗಿ ಜನರದ್ದು, ಗಿರಣಿ ಮಾವನದು. ಡಬ್ಬದಲ್ಲಿ ರಾಗಿ ತಂದು ಕೊಟ್ಟರೆ ಬೀಸಿ ಕೊಡೋರು, ಸೇರಿಗೆ ಇಷ್ಟು ಅಂತ ಕೂಲಿ ತಗೊಳ್ಳೋರು. ‘ಮಾವನ ರಾಗಿ ಹಿಟ್ಟು’ ಅಂತ ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರಿದ್ದಿಲ್ಲ.

ಟಿಎಸ್‌ಎಂಸಿ, ಎಸ್‌ಎಂಐಸಿ ಎರಡೂ ಇಂಥ ಗಿರಣಿಗಳೇ. ಇಂಗ್ಲಿಷಿನಲ್ಲಿ ಫೌಂಡ್ರಿ ಅಂತಾರೆ. ಆಪಲ್, ಎನ್‌ವಿಡಿಯಾ, ಎಎಂಡಿ, ಕ್ವಾಲ್‌ಕಾಮ್ ಇವರೆಲ್ಲ ಚಿಪ್ಪಿನ ನಕ್ಷೆ ತರ್ತಾರೆ. ಗಿರಣಿಯವರು ಆ ನಕ್ಷೆಯನ್ನ ಸಿಲಿಕಾನ್ ತಟ್ಟೆಯ ಮೇಲೆ ಅಚ್ಚು ಹಾಕಿ ಕೊಡ್ತಾರೆ. ಆ ತಟ್ಟೆಗೆ ವೇಫರ್ ಅಂತ ಹೆಸರು. ಒಂದು ವೇಫರ್‌ನಲ್ಲಿ ನೂರಾರು ಚಿಪ್ ಇರಬಹುದು. ನಮ್ಮ ಬೆಂಗಳೂರಿನ ಸಾವಿರಾರು ಇಂಜಿನಿಯರ್‌ಗಳು ಮಾಡೋದು ನಕ್ಷೆ ಬಿಡಿಸೋ, ಅದನ್ನ ಪರೀಕ್ಷೆ ಮಾಡೋ ಕೆಲಸ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿಗೆ ಬಂದಾಗಿಂದ ಅದು ನಡೀತಿದೆ. ಆದರೆ ಬೀಸೋ ಕಲ್ಲು ಇರೋದು ಬೇರೆ ಕಡೆ.

ಈ ಗಿರಣಿ ವ್ಯವಹಾರವನ್ನ ಶುರು ಮಾಡಿದ್ದು ಮಾರಿಸ್ ಚಾಂಗ್. 1987ರಲ್ಲಿ ತೈವಾನಿನ ಶಿಂಚುನಲ್ಲಿ ಟಿಎಸ್‌ಎಂಸಿ ಕಟ್ಟಿದರು. ‘ನಿಮ್ಮ ಚಿಪ್ ಮಾಡಿಕೊಡ್ತೀವಿ, ನಮ್ಮದೇ ಚಿಪ್ ಮಾಡಿ ನಿಮಗೆ ಪೈಪೋಟಿ ಕೊಡಲ್ಲ’ ಅನ್ನೋದೇ ಅವರ ವ್ಯವಹಾರದ ತಳಹದಿ. ಎಸ್‌ಎಂಐಸಿ 2000ದಲ್ಲಿ ಶಾಂಘೈಯಲ್ಲಿ ಶುರುವಾಯಿತು. ಅದೇ ಮಾದರಿ, ಅದೇ ಕೆಲಸ.

ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ಬೆಳವಣಿಗೆ

ಈಗ ಅಂಕಿಗಳಿಗೆ ಬರೋಣ. ನಿಧಾನವಾಗಿ ಹೇಳ್ತೀನಿ.

2024ರಲ್ಲಿ ಟಿಎಸ್‌ಎಂಸಿ ಆದಾಯ ಸುಮಾರು 90 ಬಿಲಿಯನ್ ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಸುಮಾರು 7.65 ಲಕ್ಷ ಕೋಟಿ ರೂಪಾಯಿ. ಎಷ್ಟು ದೊಡ್ಡದು ಅಂತ ಊಹೆಗೆ ಸಿಗಬೇಕು ಅಂದ್ರೆ, 2024-25ರ ಕರ್ನಾಟಕ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ಅದರ ಎರಡು ಪಟ್ಟಿಗಿಂತ ಹೆಚ್ಚು. ಹಿಂದಿನ ವರ್ಷ, ಅಂದ್ರೆ 2023ರಲ್ಲಿ ಆದಾಯ 69.3 ಬಿಲಿಯನ್ ಡಾಲರ್ ಇತ್ತು. ಏರಿಕೆ ಶೇ 30.

ಎಸ್‌ಎಂಐಸಿ ಚಿಕ್ಕದು. 2024ರಲ್ಲಿ ಅದರ ಆದಾಯ ಸುಮಾರು 8 ಬಿಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ 68 ಸಾವಿರ ಕೋಟಿ ರೂಪಾಯಿ. 2023ರಲ್ಲಿ 6.3 ಬಿಲಿಯನ್ ಇತ್ತು. ಏರಿಕೆ ಶೇ 27.

ಒಂದು ಶೇ 30, ಇನ್ನೊಂದು ಶೇ 27. ಬರೀ ಈ ಎರಡು ಸಾಲು ನಿಮ್ಮ ಫೋನಿಗೆ ನೋಟಿಫಿಕೇಶನ್ ಆಗಿ ಬಂದಿದ್ದರೆ ‘ಎರಡೂ ಭರ್ಜರಿ’ ಅಂತ ಅನ್ಕೊಂಡು ಮುಂದೆ ಹೋಗ್ತಿದ್ರಿ. ನಾನೂ ಹಾಗೇ ಅನ್ಕೊತಿದ್ದೆ.

ಈಗ ಲಾಭದ ಸಾಲು ನೋಡಿ. ಟಿಎಸ್‌ಎಂಸಿ ನಿವ್ವಳ ಲಾಭ ಅವರ ತೈವಾನ್ ಡಾಲರ್ ಲೆಕ್ಕದಲ್ಲಿ ಸುಮಾರು ಶೇ 40 ಏರಿತು. ಎಸ್‌ಎಂಐಸಿ ಷೇರುದಾರರ ಪಾಲಿನ ಲಾಭ ಸುಮಾರು 90 ಕೋಟಿ ಡಾಲರಿನಿಂದ 49 ಕೋಟಿ ಡಾಲರಿಗೆ ಇಳಿಯಿತು. ಶೇ 45ರಷ್ಟು ಕುಸಿತ. ಆದಾಯ ಕಾಲು ಭಾಗಕ್ಕಿಂತ ಹೆಚ್ಚು ಏರಿದ ವರ್ಷದಲ್ಲೇ ಲಾಭ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು.

ಒಂದು ಸಣ್ಣ ಟಿಪ್ಪಣಿ. ಟಿಎಸ್‌ಎಂಸಿ ಆದಾಯದ ಏರಿಕೆ ಕೆಲವು ಕಡೆ ಶೇ 30, ಕೆಲವು ಕಡೆ ಶೇ 33.9 ಅಂತ ಕಾಣತ್ತೆ. ಎರಡೂ ಸರಿ. ಮೊದಲನೆಯದು ಅಮೆರಿಕನ್ ಡಾಲರಿನಲ್ಲಿ, ಎರಡನೆಯದು ತೈವಾನ್ ಡಾಲರಿನಲ್ಲಿ. ಯಾವ ನಾಣ್ಯದ ಲೆಕ್ಕ ಅಂತ ನೋಡದೆ ಹೋಲಿಸಿದರೆ ಎಡವ್ತೀವಿ.

ನೂರು ರೂಪಾಯಿ ಬಂದರೆ ಏನಾಗತ್ತೆ?

‘ಮಾರ್ಜಿನ್’ ಅನ್ನೋ ಪದಕ್ಕೆ ಹೆದರಬೇಡಿ. ಗಿರಾಕಿ ಕೊಟ್ಟ ನೂರು ರೂಪಾಯಿಯಲ್ಲಿ ಪ್ರತಿ ಹಂತ ದಾಟಿದ ಮೇಲೆ ಎಷ್ಟು ಉಳಿಯಿತು ಅನ್ನೋದೇ ಮಾರ್ಜಿನ್.

ಮೊದಲ ಹಂತ ಗಿರಣಿಯ ಒಳಗಿನ ಖರ್ಚು. ಕರೆಂಟು, ಕಚ್ಚಾ ಸಾಮಾನು, ಕೆಲಸದವರ ಕೂಲಿ, ಯಂತ್ರದ ಸವಕಳಿ. ಇದನ್ನ ಕಳೆದು ಉಳಿದದ್ದು ಗ್ರಾಸ್ ಮಾರ್ಜಿನ್. ಎರಡನೇ ಹಂತದಲ್ಲಿ ಸಂಶೋಧನೆ, ಕಚೇರಿ, ಮಾರಾಟದ ಖರ್ಚು ಕಳೀತೀವಿ. ಉಳಿದದ್ದು ಆಪರೇಟಿಂಗ್ ಮಾರ್ಜಿನ್. ಕೊನೆಗೆ ತೆರಿಗೆ, ಬಡ್ಡಿ ಇತ್ಯಾದಿ ಕೂಡಿ ಕಳೆದು ಕೈಗೆ ಸಿಗೋದು ನೆಟ್ ಮಾರ್ಜಿನ್.

ಟಿಎಸ್‌ಎಂಸಿಗೆ 2024ರಲ್ಲಿ ಬಂದ ಪ್ರತಿ 100 ರೂಪಾಯಿಯಲ್ಲಿ ಮೊದಲ ಹಂತ ದಾಟಿದಾಗ 56 ರೂಪಾಯಿ 10 ಪೈಸೆ ಉಳಿಯಿತು. ಎರಡನೇ ಹಂತ ದಾಟಿದಾಗ 45 ರೂಪಾಯಿ 70 ಪೈಸೆ. ಕೊನೆಗೆ ಕೈಯಲ್ಲಿ 40 ರೂಪಾಯಿ 50 ಪೈಸೆ. ಕಾರ್ಖಾನೆ ನಡೆಸೋ ಕಂಪನಿಗೆ ಇದು ನಂಬೋಕೆ ಕಷ್ಟವಾಗೋ ಅಂಕಿ.

ಎಸ್‌ಎಂಐಸಿಗೆ ಬಂದ 100 ರೂಪಾಯಿಯಲ್ಲಿ ಮೊದಲ ಹಂತಕ್ಕೇ 82 ಹೋಯಿತು. ಗ್ರಾಸ್ ಮಾರ್ಜಿನ್ 18. ಕೊನೆಗೆ ಷೇರುದಾರರ ಪಾಲಿಗೆ ಉಳಿದದ್ದು ಸುಮಾರು 6 ರೂಪಾಯಿ. ಅದರ ಹಿಂದಿನ ವರ್ಷ 14 ರೂಪಾಯಿ ಉಳಿದಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಎಸ್‌ಎಂಐಸಿ ಗ್ರಾಸ್ ಮಾರ್ಜಿನ್ 2023ರಲ್ಲಿ 19.3 ಇತ್ತು, 2024ರಲ್ಲಿ 18 ಆಯಿತು. ಅಂದ್ರೆ ಗಿರಣಿ ಒಳಗಿನ ಇಳಿಕೆ ಸ್ವಲ್ಪವೇ. ಹಾಗಿದ್ರೆ ನಿವ್ವಳ ಲಾಭ ಯಾಕೆ ಅರ್ಧಕ್ಕೆ ಬಿತ್ತು? ದೊಡ್ಡ ಕಾರಣ, ಕಂಪನಿ ಕೂಡಿಟ್ಟಿದ್ದ ಹಣದಿಂದ ಮತ್ತು ಹೂಡಿಕೆಗಳಿಂದ ಬರ್ತಿದ್ದ ಆದಾಯ ಕಡಿಮೆಯಾಗಿದ್ದು. ಮಾವನ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಬ್ಯಾಂಕಿನ ಬಡ್ಡಿ ಕಡಿಮೆಯಾಯಿತು. ಗಿರಣಿ ಮಾರ್ಜಿನ್ ತೆಳ್ಳಗಿದ್ದಾಗ ಇಂಥ ಒಂದು ಏಟು ಸಾಕು, ಕೊನೆಯ ಸಾಲು ಅಲುಗಾಡಿ ಹೋಗತ್ತೆ. 56 ಉಳಿಯೋರಿಗೆ ಐದು ರೂಪಾಯಿ ಹೋದರೆ ಬೇಜಾರು. 18 ಉಳಿಯೋರಿಗೆ ಐದು ಹೋದರೆ ನಿದ್ದೆ ಬರಲ್ಲ.

ಹೆಚ್ಚು ಬೀಸಿದರೋ, ಹೆಚ್ಚು ಕೂಲಿ ತಗೊಂಡರೋ?

ಆದಾಯ ಎರಡು ರೀತಿ ಏರತ್ತೆ. ಹೆಚ್ಚು ತಟ್ಟೆ ಮಾರಿ, ಇಲ್ಲಾ ಪ್ರತಿ ತಟ್ಟೆಗೆ ಹೆಚ್ಚು ದುಡ್ಡು ತಗೊಂಡು. ಇದನ್ನ ಬಿಡಿಸಿ ನೋಡಿದರೆ ಕಥೆಯೇ ಬದಲಾಗತ್ತೆ.

ಟಿಎಸ್‌ಎಂಸಿ 2023ರಲ್ಲಿ 12 ಇಂಚಿನ ಲೆಕ್ಕದಲ್ಲಿ ಸುಮಾರು 1.2 ಕೋಟಿ ವೇಫರ್ ಕಳಿಸಿತು. 2024ರಲ್ಲಿ 1.29 ಕೋಟಿ. ತಟ್ಟೆಗಳು ಏರಿದ್ದು ಏಳೆಂಟು ಶೇಕಡ, ಆದಾಯ ಏರಿದ್ದು ಶೇ 30. ಅಂದ್ರೆ ಬಹುಪಾಲು ಏರಿಕೆ ಬಂದಿದ್ದು ತಟ್ಟೆಯ ಬೆಲೆಯಿಂದ. ಇನ್ನೂ ಹಿಂದೆ ಹೋಗಿ. 2022ರಲ್ಲಿ ಅವರು 1.53 ಕೋಟಿ ವೇಫರ್ ಕಳಿಸಿದ್ದರು, ಆದಾಯ 76 ಬಿಲಿಯನ್ ಡಾಲರಿನ ಹತ್ತಿರ ಇತ್ತು. ಎರಡು ವರ್ಷದ ನಂತರ ಕಡಿಮೆ ತಟ್ಟೆ, ಹೆಚ್ಚು ದುಡ್ಡು.

ಎಸ್‌ಎಂಐಸಿದು ಉಲ್ಟಾ. ಅವರು 8 ಇಂಚಿನ ಲೆಕ್ಕದಲ್ಲಿ ಎಣಿಸ್ತಾರೆ. 2023ರಲ್ಲಿ ಸುಮಾರು 59 ಲಕ್ಷ, 2024ರಲ್ಲಿ ಸುಮಾರು 80 ಲಕ್ಷ. ತಟ್ಟೆಗಳು ಶೇ 37 ಏರಿದವು, ಆದಾಯ ಶೇ 27 ಮಾತ್ರ. ಪ್ರತಿ ತಟ್ಟೆಗೆ ಸಿಕ್ಕ ದುಡ್ಡು ಕಡಿಮೆಯಾಯಿತು ಅಂತ ಅರ್ಥ.

ಒಂದು ಒರಟು ಲೆಕ್ಕ ಮಾಡೋಣ. ಒಟ್ಟು ಆದಾಯವನ್ನ ತಟ್ಟೆಗಳ ಸಂಖ್ಯೆಯಿಂದ ಭಾಗಿಸಿ. ಟಿಎಸ್‌ಎಂಸಿಗೆ 12 ಇಂಚಿನ ಒಂದು ತಟ್ಟೆಗೆ ಸುಮಾರು 7,000 ಡಾಲರ್ ಬರತ್ತೆ. ಎಸ್‌ಎಂಐಸಿಯ 8 ಇಂಚಿನ ತಟ್ಟೆಗಳನ್ನ 12 ಇಂಚಿಗೆ ಪರಿವರ್ತಿಸಿದರೆ ಸುಮಾರು 2,250 ಡಾಲರ್. ಒಂದೇ ಅಳತೆಯ ಸಿಲಿಕಾನ್, ಮೂರು ಪಟ್ಟು ವ್ಯತ್ಯಾಸ.

ಯಾಕೆ? ಟಿಎಸ್‌ಎಂಸಿಯ ವೇಫರ್ ಆದಾಯದಲ್ಲಿ ಶೇ 69 ಬಂದಿದ್ದು 7 ನ್ಯಾನೊಮೀಟರ್ ಮತ್ತು ಅದಕ್ಕಿಂತ ಸೂಕ್ಷ್ಮ ತಂತ್ರಜ್ಞಾನದಿಂದ. ನಿಮ್ಮ ಕೈಲಿರೋ ಹೊಸ ಐಫೋನಿನ ಚಿಪ್, ಎಐಗೆ ಬಳಸೋ ಎನ್‌ವಿಡಿಯಾ ಚಿಪ್ ಎಲ್ಲ ಇಲ್ಲಿಂದಲೇ. ಇಷ್ಟು ನುಣ್ಣಗೆ, ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಕಡಿಮೆ ಹಾಳು ಮಾಡಿ ಬೀಸಿಕೊಡೋ ಇನ್ನೊಂದು ಗಿರಣಿ ಇಲ್ಲ. ಗಿರಾಕಿ ಚೌಕಾಸಿ ಮಾಡೋಕೆ ಎಲ್ಲಿಗೆ ಹೋಗ್ತಾನೆ?

ಎಸ್‌ಎಂಐಸಿಗೆ ಆ ದಾರಿ ಬಹುಪಾಲು ಮುಚ್ಚಿದೆ. ಅತಿ ಸೂಕ್ಷ್ಮ ಅಚ್ಚು ಹಾಕೋ ಇಯುವಿ ಯಂತ್ರ ಮಾಡೋದು ಜಗತ್ತಿನಲ್ಲಿ ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ರಫ್ತು ನಿರ್ಬಂಧದಿಂದಾಗಿ ಅದು ಚೀನಾಕ್ಕೆ ಸಿಗಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕ ಎಸ್‌ಎಂಐಸಿಯನ್ನ ತನ್ನ ನಿರ್ಬಂಧಿತ ಕಂಪನಿಗಳ ಪಟ್ಟಿಗೂ ಸೇರಿಸಿತು. ಆದರೂ 2023ರಲ್ಲಿ ಹುವಾವೆಯ ಮೇಟ್ 60 ಪ್ರೊ ಫೋನ್ ಬಿಚ್ಚಿ ನೋಡಿದವರಿಗೆ ಒಳಗೆ ಎಸ್‌ಎಂಐಸಿಯ 7 ನ್ಯಾನೊಮೀಟರ್ ಚಿಪ್ ಸಿಕ್ಕಿತು. ಹಳೇ ಯಂತ್ರದಲ್ಲೇ ಒಂದೇ ಪದರವನ್ನ ಮತ್ತೆ ಮತ್ತೆ ಅಚ್ಚು ಹಾಕಿ ಮಾಡೋ ಕೆಲಸ ಅದು. ಆಗತ್ತೆ, ಆದರೆ ದುಬಾರಿ. ಅವರ ಉಳಿದ ವ್ಯಾಪಾರದ ಬಹುಪಾಲು ಹಳೇ ಪೀಳಿಗೆಯ ಚಿಪ್ಪುಗಳದು. ಅಲ್ಲಿ ಬೀದಿಗೊಂದು ಗಿರಣಿ, ಹಾಗಾಗಿ ಕೂಲಿ ಇಳಿಸಲೇಬೇಕು.

ಮಾವನ ಎರಡನೇ ಯಂತ್ರ

ಈಗ ಮಾವನ ಕಥೆಗೆ ವಾಪಸ್ ಬರ್ತೀನಿ. ಗಿರಣಿ ಚೆನ್ನಾಗಿ ನಡೀತಿತ್ತು. ಒಂದು ವರ್ಷ ಸಾಲ ಮಾಡಿ ಎರಡನೇ ಯಂತ್ರ ಹಾಕಿದರು. ಅದೇ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಗಿರಣಿ ಬಂತು. ಮಾವ ಕೂಲಿ ಇಳಿಸಿದರು. ಸಾಲು ಉದ್ದ ಆಯಿತು. ಗಲ್ಲಾಪೆಟ್ಟಿಗೆ ಮುಂಚಿಗಿಂತ ಹೆಚ್ಚು ತುಂಬ್ತಿತ್ತು. ನಾವು ಮಕ್ಕಳು ಚಿಲ್ಲರೆ ಎಣಿಸಿಕೊಡ್ತಿದ್ದೆವು, ಮಾವ ಸಾಹುಕಾರ ಆದ ಅಂತ ಅಂದುಕೊಂಡಿದ್ದೆವು. ಅತ್ತೆ ಮಾತ್ರ ತಿಂಗಳ ಕೊನೆಗೆ ರೇಷನ್ ಅಂಗಡಿಯಲ್ಲಿ ಸಾಲ ಬರೆಸೋರು. ದುಡ್ಡೆಲ್ಲ ಯಂತ್ರದ ಕಂತಿಗೆ, ಕರೆಂಟ್ ಬಿಲ್ಲಿಗೆ ಹೋಗ್ತಿತ್ತು. ಮೂರನೇ ವರ್ಷ ಆ ಯಂತ್ರ ಮಾರಿದರು. ‘ಗಲ್ಲಾ ನೋಡಿ ಮೋಸ ಹೋದೆ’ ಅಂತ ಮಾವ ಈಗಲೂ ನಗ್ತಾ ಹೇಳ್ತಾರೆ. ಆಗ ನಗ್ತಿರಲಿಲ್ಲ.

ಚಿಪ್ ಗಿರಣಿಯಲ್ಲಿ ಈ ಯಂತ್ರದ ಭಾರಕ್ಕೆ ಸವಕಳಿ ಅಂತಾರೆ. ಯಂತ್ರ ಕೊಂಡ ದಿನವೇ ಪೂರ್ತಿ ಖರ್ಚು ಬರೆಯಲ್ಲ, ಕೆಲವು ವರ್ಷಕ್ಕೆ ಹಂಚಿ ಬರೀತಾರೆ. ಟಿಎಸ್‌ಎಂಸಿ ಯಂತ್ರಗಳನ್ನ ಐದು ವರ್ಷಕ್ಕೆ ಹಂಚತ್ತೆ. ಯಂತ್ರ ಓಡಲಿ, ನಿಂತಿರಲಿ, ಆ ಖರ್ಚು ಪ್ರತಿ ತಿಂಗಳು ಬಂದೇ ಬರತ್ತೆ. ಅದಕ್ಕೇ ಈ ಉದ್ಯಮದಲ್ಲಿ ಎಲ್ಲರೂ ಕೇಳೋ ಮೊದಲ ಪ್ರಶ್ನೆ, ‘ಕಾರ್ಖಾನೆ ಎಷ್ಟು ತುಂಬಿದೆ?’

2024ರಲ್ಲಿ ಟಿಎಸ್‌ಎಂಸಿಯ ಪ್ರತಿ 100 ರೂಪಾಯಿ ಆದಾಯಕ್ಕೆ ಸವಕಳಿ ಸುಮಾರು 23 ರೂಪಾಯಿ. ಎಸ್‌ಎಂಐಸಿಯಲ್ಲಿ ಸುಮಾರು 40. ಅವರ ಕಾರ್ಖಾನೆಗಳು ಖಾಲಿ ಕೂತಿದ್ದವಾ? ಇಲ್ಲ. 2023ರಲ್ಲಿ ಸಾಮರ್ಥ್ಯದ ಶೇ 75 ಬಳಕೆಯಾಗಿತ್ತು, 2024ರಲ್ಲಿ ಶೇ 85 ದಾಟಿತು. ಗಿರಣಿ ಹೆಚ್ಚು ಓಡಿತು. ಆದರೆ ಹೊಸ ಯಂತ್ರಗಳ ಭಾರ ಅದಕ್ಕಿಂತ ಜೋರಾಗಿ ಬಂತು.

ಯಾಕಂದ್ರೆ ಅವರು ಕಟ್ತಾನೇ ಇದ್ದಾರೆ. ಶಾಂಘೈ, ಬೀಜಿಂಗ್, ಶೆನ್ಜೆನ್, ಟಿಯಾಂಜಿನ್ ನಗರಗಳಲ್ಲಿ ಹೊಸ ಘಟಕಗಳು. 2024ರಲ್ಲಿ ಎಸ್‌ಎಂಐಸಿ ಬಂಡವಾಳವಾಗಿ ಹೂಡಿದ್ದು 7.3 ಬಿಲಿಯನ್ ಡಾಲರ್. ಇಡೀ ವರ್ಷದ ಆದಾಯ ಎಷ್ಟಿತ್ತು? 8 ಬಿಲಿಯನ್. ಅದೇ ವರ್ಷ ಟಿಎಸ್‌ಎಂಸಿ ಹೂಡಿದ್ದು ಸುಮಾರು 30 ಬಿಲಿಯನ್. ದೊಡ್ಡ ಮೊತ್ತ, ಆದರೆ ಅದರ ಆದಾಯದ ಮೂರನೇ ಒಂದು ಭಾಗ.

ಹಾಗಂತ ಎಸ್‌ಎಂಐಸಿಯವರಿಗೆ ಲೆಕ್ಕ ಬರಲ್ಲ ಅಂತಲ್ಲ. ಹೊರಗಿನಿಂದ ಚಿಪ್ ಯಾವಾಗ ನಿಂತು ಹೋಗತ್ತೋ ಅನ್ನೋ ಭಯದಲ್ಲಿರೋ ದೇಶಕ್ಕೆ ಸ್ವಂತ ಗಿರಣಿ ಬೇಕು. ಸರ್ಕಾರದ ಬೆಂಬಲವೂ ಇದೆ. ಅವರ ಮೊದಲ ಗುರಿ ಸಾಮರ್ಥ್ಯ. ಅದರ ಬೆಲೆಯನ್ನ ಮಾರ್ಜಿನ್ನಿನಲ್ಲಿ ಕಟ್ತಿದ್ದಾರೆ. ಇದನ್ನ ತಿಳ್ಕೊಂಡು ನೋಡೋದು ಬೇರೆ, ‘ಶೇ 27 ಏರಿಕೆ’ ಅನ್ನೋ ಶೀರ್ಷಿಕೆ ನೋಡಿ ಕುಣಿಯೋದು ಬೇರೆ.

ಗೆದ್ದ ಕುದುರೆಯೂ ಕುಂಟತ್ತೆ

ಟಿಎಸ್‌ಎಂಸಿಗೆ ಎಲ್ಲವೂ ಸಲೀಸು ಅಂತ ಅಂದ್ಕೋಬೇಡಿ. ಅದರ ಗ್ರಾಸ್ ಮಾರ್ಜಿನ್ನಿನ ಮೂರು ವರ್ಷ ನೋಡಿ. 2022ರಲ್ಲಿ 59.6. 2023ರಲ್ಲಿ 54.4. 2024ರಲ್ಲಿ 56.1. ಆದಾಯದಲ್ಲಿ 2024 ಅಲ್ಲಿಯವರೆಗಿನ ದಾಖಲೆ ವರ್ಷ, ಆದರೆ ಮಾರ್ಜಿನ್ 2022ಕ್ಕಿಂತ ಮೂರೂವರೆ ಅಂಶ ಕಡಿಮೆ. ಈ ಗಾತ್ರದ ಕಂಪನಿಯಲ್ಲಿ ಒಂದೇ ಒಂದು ಅಂಶ ಅಂದ್ರೆ ಸುಮಾರು 90 ಕೋಟಿ ಡಾಲರ್, ಹೆಚ್ಚುಕಡಿಮೆ 7,600 ಕೋಟಿ ರೂಪಾಯಿ.

ಎಲ್ಲಿ ಹೋಯಿತು ಅದು? ಒಂದು, 2023ರಲ್ಲಿ ಫೋನ್, ಲ್ಯಾಪ್‌ಟಾಪ್ ಮಾರಾಟ ಬಿದ್ದು ಹಳೇ ಲೈನುಗಳು ಅಷ್ಟಾಗಿ ತುಂಬಲಿಲ್ಲ. ಎರಡು, 3 ನ್ಯಾನೊಮೀಟರ್ ಲೈನು ಹೊಸದು. ಹೊಸ ಲೈನು ಶುರುವಿನ ಒಂದೆರಡು ವರ್ಷ ಹೆಚ್ಚು ತಿನ್ನತ್ತೆ, ಕಡಿಮೆ ಕೊಡತ್ತೆ. ಮೂರು, ತೈವಾನಿನಲ್ಲಿ ಕೈಗಾರಿಕೆಗಳ ಕರೆಂಟ್ ದರ ಏರಿತು. ನಾಲ್ಕು, 2024ರ ಏಪ್ರಿಲ್ 3ರಂದು ಹುವಾಲಿಯನ್‌ನಲ್ಲಿ 7ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ಆಯಿತು. ಲೈನಿನಲ್ಲಿದ್ದ ಒಂದಷ್ಟು ವೇಫರ್ ಬಿಸಾಡಬೇಕಾಯಿತು.

ಇನ್ನು ನಾಣ್ಯದ ಆಟ. ಟಿಎಸ್‌ಎಂಸಿಗೆ ಆದಾಯ ಬರೋದು ಬಹುಪಾಲು ಅಮೆರಿಕನ್ ಡಾಲರಿನಲ್ಲಿ, ಖರ್ಚು ಹೆಚ್ಚಾಗಿ ತೈವಾನ್ ಡಾಲರಿನಲ್ಲಿ. ಕಂಪನಿಯೇ ಹೇಳೋ ಲೆಕ್ಕದ ಪ್ರಕಾರ ತೈವಾನ್ ಡಾಲರ್ ಶೇ 1 ಬಲವಾದರೆ ಗ್ರಾಸ್ ಮಾರ್ಜಿನ್ ಸುಮಾರು 0.4 ಅಂಶ ಇಳಿಯತ್ತೆ. ಕಾರ್ಖಾನೆಯಲ್ಲಿ ಯಾರೂ ಏನೂ ತಪ್ಪು ಮಾಡಿರಲ್ಲ, ಆದರೂ ಲಾಭ ಕರಗತ್ತೆ. ಜೊತೆಗೆ ಅಮೆರಿಕದ ಅರಿಜೋನಾ ಘಟಕದಲ್ಲಿ 2024ರ ಕೊನೆಗೆ ಉತ್ಪಾದನೆ ಶುರುವಾಗಿದೆ. ಅಲ್ಲಿ ಖರ್ಚು ಜಾಸ್ತಿ. ಹೊರದೇಶದ ಘಟಕಗಳಿಂದ ಮುಂದಿನ ಐದು ವರ್ಷ ಮಾರ್ಜಿನ್ನಿಗೆ ಪ್ರತಿ ವರ್ಷ 2ರಿಂದ 3 ಅಂಶ ಪೆಟ್ಟು ಬೀಳಬಹುದು ಅಂತ 2025ರ ಜನವರಿಯಲ್ಲಿ ಕಂಪನಿಯೇ ಹೇಳಿತು.

ಇನ್ನೊಂದು ಮಾತು. ಗಿರಣಿಗೆ 56 ಉಳಿದರೆ ರಾಗಿ ತಂದವನಿಗೆ ಎಷ್ಟು ಉಳಿಯಿತು? ಎನ್‌ವಿಡಿಯಾ 2025ರ ಜನವರಿಗೆ ಮುಗಿದ ತನ್ನ ವರ್ಷದಲ್ಲಿ 130.5 ಬಿಲಿಯನ್ ಡಾಲರ್ ಗಳಿಸಿತು, ಗ್ರಾಸ್ ಮಾರ್ಜಿನ್ 75. ಸ್ವಂತ ಕಾರ್ಖಾನೆ ಒಂದೂ ಇಲ್ಲ. ಯಂತ್ರದ ಭಾರ ಗಿರಣಿಯದು, ನಕ್ಷೆಯ ಬೆಲೆ ಅವರದು. ಚಿಪ್ ಡಿಸೈನ್ ಕಲೀತಿರೋ ಗೆಳೆಯರು ಈ ಸಾಲನ್ನ ನೆನಪಲ್ಲಿ ಇಟ್ಕೊಳ್ಳಿ.

ನಮಗ್ಯಾಕೆ ಈ ಲೆಕ್ಕ?

ಷೇರು ಕೊಳ್ಳೋರಿಗೆ ಮಾತ್ರ ಬೇಕಾದ ವಿಷಯ ಅಲ್ಲ ಇದು. ನಮ್ಮ ತೆರಿಗೆ ದುಡ್ಡೂ ಈ ಲೆಕ್ಕದ ಒಳಗಿದೆ.

2024ರ ಫೆಬ್ರುವರಿ 29ರಂದು ಕೇಂದ್ರ ಸಂಪುಟ ಗುಜರಾತಿನ ಧೊಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಕಟ್ಟೋ ಚಿಪ್ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿತು. ಹೂಡಿಕೆ 91 ಸಾವಿರ ಕೋಟಿ ರೂಪಾಯಿ. ಸಾಮರ್ಥ್ಯ ತಿಂಗಳಿಗೆ 50 ಸಾವಿರ ವೇಫರ್. ಇಂಥ ಕಾರ್ಖಾನೆಗಳ ಯೋಜನಾ ವೆಚ್ಚದಲ್ಲಿ ಶೇ 50 ಕೇಂದ್ರ ಸರ್ಕಾರ ಭರಿಸೋ ಯೋಜನೆ ಇದೆ. ಅಂದ್ರೆ ಗಿರಣಿಯ ಅರ್ಧ ಯಂತ್ರ ನಮ್ಮ ದುಡ್ಡಲ್ಲಿ ಬರತ್ತೆ.

ಅಲ್ಲಿ ಬೀಸೋದು 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಳೇ ಪೀಳಿಗೆಯ ಚಿಪ್. ತಪ್ಪೇನಿಲ್ಲ, ಕಾರಿಗೆ, ಟಿವಿಗೆ, ಕರೆಂಟ್ ಮೀಟರಿಗೆ ಬೇಕಾಗೋದು ಅದೇ. ಆದರೆ ಅದು ಟಿಎಸ್‌ಎಂಸಿಯ 56 ರೂಪಾಯಿ ಓಣಿ ಅಲ್ಲ. ಪೈಪೋಟಿ ಇರೋ ಓಣಿ. ಆ ಓಣಿಯ ಹಳೇ, ಅನುಭವಿ ಕಂಪನಿ ತೈವಾನಿನ ಯುಎಂಸಿ. 2024ರಲ್ಲಿ ಅದರ ಆದಾಯ ಶೇ 4ರಷ್ಟು ಏರಿತು, ಗ್ರಾಸ್ ಮಾರ್ಜಿನ್ 34.9ರಿಂದ 32.6ಕ್ಕೆ ಇಳಿಯಿತು. ಅಮೆರಿಕದ ಗ್ಲೋಬಲ್‌ಫೌಂಡ್ರೀಸ್‌ನದು ಅದೇ ವರ್ಷ 24.5. ಎಸ್‌ಎಂಐಸಿಯದು 18. ಜೊತೆಗೆ ಚೀನಾದ ಹೊಸ ಘಟಕಗಳ ತಟ್ಟೆಗಳೂ ಇದೇ ಮಾರುಕಟ್ಟೆಗೆ ಬರ್ತಿವೆ.

ಹಾಗಾಗಿ ನಮ್ಮ ಕಾರ್ಖಾನೆಯಿಂದ ಮೊದಲ ಚಿಪ್ ಹೊರಬಂದ ದಿನ ಖುಷಿ ಪಡೋಣ. ನಾನೂ ಪಡ್ತೀನಿ. ಮರುವರ್ಷ ‘ಆದಾಯ ದುಪ್ಪಟ್ಟು’ ಅಂತ ಶೀರ್ಷಿಕೆ ಬಂದಾಗ ಮಾತ್ರ ಇನ್ನೂ ಮೂರು ಪ್ರಶ್ನೆ ಕೇಳೋಣ. ಗಿರಣಿ ಎಷ್ಟು ತುಂಬಿತ್ತು? ತಟ್ಟೆಗೆ ಎಷ್ಟು ಸಿಕ್ಕಿತು? ಯಂತ್ರದ ಸವಕಳಿ ಕಳೆದ ಮೇಲೆ ಎಷ್ಟು ಉಳಿಯಿತು? ಮೊದಲ ವರ್ಷಗಳಲ್ಲಿ ನಷ್ಟ ಬಂದರೆ ಅದೇ ಹಗರಣ ಅಂತಲೂ ಕೂಗಬೇಕಾಗಿಲ್ಲ. ಹೊಸ ಗಿರಣಿಯ ಸ್ವಭಾವ ಅದು. ನಷ್ಟ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆಯಾ ಅನ್ನೋದನ್ನ ನೋಡಬೇಕು.

ಮುಗಿಸೋ ಮುಂಚೆ

ನನ್ನ ತಮ್ಮನಿಗೆ ಷೇರು ತಗೋ ಅಂತಾನೂ ಹೇಳಲಿಲ್ಲ, ಬೇಡ ಅಂತಾನೂ ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ, ಈ ಸಂಚಿಕೆಯೂ ಹೂಡಿಕೆ ಸಲಹೆ ಅಲ್ಲ. ಇಷ್ಟೇ ಹೇಳಿದೆ: ‘ಕಂಪನಿಯ ವಾರ್ಷಿಕ ಫಲಿತಾಂಶದ ಮೊದಲ ಪುಟ ತೆಗಿ. ಆದಾಯದ ಸಾಲಿನ ಕೆಳಗೆ ಗ್ರಾಸ್ ಮಾರ್ಜಿನ್ ಅಂತ ಇರತ್ತೆ. ಕಳೆದ ಮೂರು ವರ್ಷದ್ದು ಬರ್ಕೋ. ಆಮೇಲೆ ನಿವ್ವಳ ಲಾಭ. ಆಮೇಲೆ ಆ ವರ್ಷ ಯಂತ್ರಕ್ಕೆ ಎಷ್ಟು ಸುರಿದರು ಅಂತ ನೋಡು. ಹದಿನೈದು ನಿಮಿಷದ ಕೆಲಸ.’

ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ಮೂರು ವರ್ಷದ ಅಂಕಿ, ಪಕ್ಕದಲ್ಲಿ ಅವನ ಕೈಬರಹ: ‘ಗಲ್ಲಾ ತುಂಬಿದೆ, ಜೇಬು ತುಂಬಿಲ್ಲ. ಇನ್ನೊಂದು ವರ್ಷ ನೋಡ್ತೀನಿ.’ ಆ ಫೋಟೊವನ್ನ ಮಾವನಿಗೆ ಕಳಿಸಿದೆ. ಅವರು ಒಂದು ಹೆಬ್ಬೆರಳು ಒತ್ತಿ ಕಳಿಸಿದರು, ಅಷ್ಟೇ.

ನಿಮ್ಮ ಫೋನಿಗೆ ಮುಂದಿನ ಸಲ ‘ಆದಾಯದಲ್ಲಿ ಭಾರಿ ಜಿಗಿತ’ ಅಂತ ಬಂದಾಗ ಒಂದು ಸಾಲು ಕೆಳಗೆ ಸರಿಸಿ ನೋಡಿ. ಚಿಪ್ ಕಂಪನಿ ಬಗ್ಗೆ ಇನ್ನೇನಾದರೂ ಪ್ರಶ್ನೆ ಇದ್ದರೆ ಬರೆದು ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.